ಬಭ್ರುವಾಹನ ಮರಳಿನಲ್ಲಿ ನಿಂತ ಇಪ್ಪತ್ತು ನಿಮಿಷ

ಯಕ್ಷಗಾನದ ತಲೆಯುಡುಗೆಯಾದ ಕೇದಗೆ ಮುಂದಲೆ ಕಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಆ ದಿನದವರೆಗೆ ನಾನು ಯೋಚಿಸಿದವನೇ ಅಲ್ಲ. ಮರವಂತೆಯ ಕಡಲ ಬದಿಯಲ್ಲಿ ಪರಿಚಯದವರೊಬ್ಬರ ಮನೆಯ ಜಗಲಿಯಲ್ಲಿ, ನಾನು ಚಿತ್ರ ತೆಗೆಯಬೇಕಿದ್ದ ಯಕ್ಷಗಾನ ಕಲಾವಿದರಾದ ಗುರುಗಳು ಬಭ್ರುವಾಹನನ ಬಣ್ಣಕ್ಕೆ ಕುಳಿತಾಗ ಮಧ್ಯಾಹ್ನ ಮೂರು ಗಂಟೆ. ಅಂಗೈಯಲ್ಲೇ ಬಣ್ಣ ಕಲಸಿ, ಕೈಗನ್ನಡಿ ಹಿಡಿದು ಮುಖ ಬರೆದುಕೊಂಡರು. ಆಮೇಲೆ ತಲೆಗೆ ಬಟ್ಟೆ ಸುತ್ತಿ, ದಾರ ಬಿಗಿದು, ಅದರ ಮೇಲೆ ಜರಿ ಪಟ್ಟಿಗಳನ್ನು ಒಂದೊಂದಾಗಿ ಎಳೆದು ಕೂರಿಸಿದರು. ಎದೆಕಟ್ಟು, ಭುಜಕೀರ್ತಿ, ಗೆಜ್ಜೆ ಎಲ್ಲ ಮುಗಿದು ಎದ್ದು ನಿಂತಾಗ ಐದೂವರೆ. ಆ ಎರಡೂವರೆ ತಾಸಿನಲ್ಲಿ ನಾನು ಮಾಡಿದ್ದೇನು? ಕಾರಿನ ಬಳಿ ಕುಳಿತು ಚಹಾ ಕುಡಿದೆ, ಬ್ಯಾಟರಿ ಎಣಿಸಿದೆ, ಮೊಬೈಲ್‌ನಲ್ಲಿ ಸೂರ್ಯಾಸ್ತದ ಸಮಯ ನೋಡಿದೆ. ನೂರು ಹೆಜ್ಜೆ ಆಚೆ ಇದ್ದ ಮರಳಿಗೆ ಫ್ಲ್ಯಾಶ್‌ನ ಸ್ಟ್ಯಾಂಡ್ ಒಯ್ದು, ಜೊತೆಗಿದ್ದ ಹುಡುಗನನ್ನು ನಿಲ್ಲಿಸಿ ಒಂದೇ ಒಂದು ಟೆಸ್ಟ್ ತೆಗೆಯಲಿಲ್ಲ. ಒಂದು ವರ್ಷ ಕಳೆದರೂ ಇದು ನನ್ನನ್ನು ಚುಚ್ಚುತ್ತಿದೆ.

ಕುಂದಾಪುರದ ಸ್ಟುಡಿಯೋ ಒಂದರಲ್ಲಿ ಹನ್ನೊಂದು ವರ್ಷಗಳಿಂದ ಕ್ಯಾಮೆರಾ ಹಿಡಿದಿದ್ದೇನೆ. ಮದುವೆ, ಉಪನಯನ, ಗೃಹಪ್ರವೇಶ ನಮ್ಮ ಹೊಟ್ಟೆಪಾಡು. ಹಾಲ್ ಒಳಗೆ ಫ್ಲ್ಯಾಶನ್ನು ಕ್ಯಾಮೆರಾದ ನೆತ್ತಿಯ ಹಾಟ್‌ಶೂ ಮೇಲಿಟ್ಟು ಮಾಡಿಗೆ ಬೌನ್ಸ್ ಮಾಡಿದರೆ ಕೆಲಸ ಮುಗಿಯುತ್ತದೆ. ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ, ದೂರದಿಂದಲೇ ಅದನ್ನು ಹೊಡೆಸುವ ಟ್ರಿಗರ್ ಹಾಕಿ, ಬೆಳಕು ಹರಡುವ ಕೊಡೆ ಕಟ್ಟಿ ಭಾವಚಿತ್ರ ತೆಗೆಯುವುದನ್ನು ನಾನು ಕಲಿತದ್ದು ನಾಲ್ಕು ಗೋಡೆಗಳ ಒಳಗೆ. ಹೊರಗೆ, ಅದೂ ಸೂರ್ಯನನ್ನೇ ಫ್ರೇಮಿನಲ್ಲಿ ಇಟ್ಟುಕೊಂಡು ಮಾಡಿದ್ದು ಅದೇ ಮೊದಲು. ಮೇಳವೊಂದರ ಅಭಿಮಾನಿಗಳು ಕ್ಯಾಲೆಂಡರ್ ಮಾಡಿಸುತ್ತಿದ್ದರು. ಕಲಾವಿದರ ಚಿತ್ರಗಳು ರಂಗಸ್ಥಳದಲ್ಲಿ ಬೇಡ, ಹೊರಗಿನ ಜಾಗಗಳಲ್ಲಿ ಬೇಕು ಎಂದರು. ಸ್ಟುಡಿಯೋದ ಯಜಮಾನರು ಫೋನಿನಲ್ಲೇ ಒಪ್ಪಿ ದರ ಹೇಳಿದರು. ಹಿಂದಿನ ದಿನ ಜಾಗ ನೋಡಿ ಬರುತ್ತೇನೆ ಎಂದು ಕೇಳಿದೆ. ಮರವಂತೆಯನ್ನು ನೋಡದವನಂತೆ ಮಾತಾಡಬೇಡ, ಆ ದಿನಕ್ಕೆ ಬೇರೆ ಆರ್ಡರ್ ಇದೆ ಎಂದರು. ನಾನೂ ಎರಡನೇ ಸಲ ಕೇಳಲಿಲ್ಲ.

ಮನಸ್ಸಿನಲ್ಲಿ ಚಿತ್ರವೊಂದು ಸಿದ್ಧವಾಗಿತ್ತು. ಹಿಂದೆ ಕಡಲು ಪೂರ್ತಿ ಮಸುಕಾಗಿ ಬಣ್ಣದ ಪಟ್ಟೆಯಾಗಬೇಕು, ಬಭ್ರುವಾಹನ ತಲೆಯಿಂದ ಗೆಜ್ಜೆಯವರೆಗೆ ಕಾಣಬೇಕು, ಆಚೀಚೆ ವಿಶಾಲವಾದ ಆಕಾಶ. ಹಾಗಾಗಿ ಲೆನ್ಸ್‌ನ ಕಿಂಡಿ, ಅಂದರೆ ಅಪರ್ಚರ್, ಅಗಲವಾಗಿ ತೆರೆದ ಎಫ್/2.8, ಸೆನ್ಸರ್‌ನ ಸಂವೇದನೆ ಐಎಸ್‌ಒ 100, ಶಟರ್ 1/2000 ಸೆಕೆಂಡ್. ಫ್ಲ್ಯಾಶ್ ಜೊತೆ ಶಟರ್ ಹೊಂದಿಕೊಳ್ಳುವ ವೇಗ, ಅಂದರೆ ಸಿಂಕ್, 1/200ಕ್ಕೆ ನಿಲ್ಲುವ ಕ್ಯಾಮೆರಾ ಅದು, ಆದ್ದರಿಂದ ಅದಕ್ಕೂ ಮೇಲಿನ ವೇಗದಲ್ಲಿ ಫ್ಲ್ಯಾಶ್ ಬಳಸಲು ಬಿಡುವ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸಿಂಕ್) ಒತ್ತಿದೆ. ಫ್ರೇಮ್ ಅಗಲವಾದ್ದರಿಂದ ಸ್ಟ್ಯಾಂಡನ್ನು ಗುರುಗಳಿಂದ ನಾಲ್ಕು ಮೀಟರ್ ಆಚೆ ನೆಡಿಸಿದೆ. ಅದರ ಮೇಲೆ ಒಂದೇ ಒಂದು ಸ್ಪೀಡ್‌ಲೈಟ್ ಫ್ಲ್ಯಾಶ್, ಮುಂದೆ ಬಿಳಿ ಕೊಡೆ.

ಮೊದಲ ಫ್ರೇಮಿನಲ್ಲಿ ಆಕಾಶ ಅದ್ಭುತವಾಗಿತ್ತು. ಮುಖ ಇದ್ದಿಲಿನಂತಿತ್ತು.

ಪವರ್ ಏರಿಸಿದೆ, ಫುಲ್‌ಗೆ ತಂದೆ. ಇನ್ನೂ ಕಪ್ಪು. ಟ್ರಿಗರ್‌ನ ಚಾನೆಲ್ ತಪ್ಪಿರಬೇಕು ಎಂದು ಹುಡುಗನ ಮೇಲೆ ರೇಗಿದೆ. ಚಾನೆಲ್ ಸರಿಯಾಗಿಯೇ ಇತ್ತು, ಫ್ಲ್ಯಾಶ್ ಹೊಡೆಯುತ್ತಲೂ ಇತ್ತು. ಐಎಸ್‌ಒ 400ಕ್ಕೆ ಏರಿಸಿದಾಗ ಮುಖ ಸ್ವಲ್ಪ ಕಂಡಿತು, ಆಕಾಶ ಬಿಳುಚಿ ಹೋಯಿತು. ಶಟರ್ ಇನ್ನೂ ಮೇಲೆ ಒಯ್ದರೆ ಆಕಾಶ ಬಂತು, ಮುಖ ಹೋಯಿತು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಒಂದೊಂದು ಫುಲ್ ಹೊಡೆತಕ್ಕೂ ಫ್ಲ್ಯಾಶ್ ರೀಸೈಕಲ್ ಆಗಿ ಮತ್ತೆ ಚಾರ್ಜ್ ತುಂಬುವವರೆಗೆ ಕಾಯಬೇಕು. ಆ ಮೌನದಲ್ಲಿ ಕೇಳಿಸುತ್ತಿದ್ದದ್ದು ಗೆಜ್ಜೆಯ ಸಪ್ಪಳ ಮಾತ್ರ. ಗುರುಗಳು ಮರಳಿನಲ್ಲಿ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು. ಮೇಲ್ತುಟಿಯ ಮೇಲೆ ಬಣ್ಣವನ್ನು ಸೀಳಿಕೊಂಡು ಬೆವರು ಇಳಿಯುತ್ತಿತ್ತು. ಹೆದ್ದಾರಿಯಲ್ಲಿ ಹೋಗುವವರು ವಾಹನ ನಿಲ್ಲಿಸಿ, ಕಲ್ಲುಗಳ ಮೇಲೆ ಹತ್ತಿ ಮೊಬೈಲ್‌ನಲ್ಲಿ ಚಿತ್ರ ತೆಗೆಯಲು ಆರಂಭಿಸಿದ್ದರು.

ಹುಡುಗ ಆಗ ಮೆಲ್ಲಗೆ ಕೇಳಿದ, "ಅಣ್ಣ, ಸ್ಟ್ಯಾಂಡ್ ಇನ್ನೂ ಹತ್ತಿರ ತರಲಾ?"

"ಫ್ರೇಮಿನೊಳಗೆ ಬರುತ್ತದೆ, ಸುಮ್ಮನೆ ನಿಲ್ಲು" ಎಂದೆ.

ಎಲ್ಲದಕ್ಕೂ ಉತ್ತರ ಅವನ ಆ ಒಂದು ಪ್ರಶ್ನೆಯಲ್ಲಿತ್ತು. ಕೆಲಸಕ್ಕೆ ಸೇರಿ ಎಂಟು ತಿಂಗಳಾದವನು ಎಂಬ ಕಾರಣಕ್ಕೆ ಅದು ನನ್ನ ಕಿವಿಗೆ ಬೀಳಲಿಲ್ಲ. ನಾನು ಗುಂಡಿ ಒತ್ತುತ್ತಲೇ ಹೋದೆ. ಮೂವತ್ತಕ್ಕೂ ಹೆಚ್ಚು ಫುಲ್ ಪವರ್ ಹೊಡೆತಗಳಾದ ಮೇಲೆ ಫ್ಲ್ಯಾಶ್‌ನ ಪರದೆಯಲ್ಲಿ ತಾಪಮಾನದ ಗುರುತು ಬಂದು ಅದು ಹೊಡೆಯುವುದನ್ನೇ ನಿಲ್ಲಿಸಿತು. ಮುಟ್ಟಿದರೆ ಕೈ ಸುಡುತ್ತಿತ್ತು. ಸೂರ್ಯ ಕಡಲಿನಿಂದ ಒಂದು ಗೇಣು ಮೇಲಿದ್ದ. ಆ ರಾತ್ರಿ ಕಾಲಮಿತಿಯ ಆಟ, ಅಂದರೆ ರಾತ್ರಿಯಿಡೀ ಅಲ್ಲದ ಕೆಲವೇ ತಾಸುಗಳ ಪ್ರದರ್ಶನ, ಗುರುಗಳು ವೇಷ ಬಿಚ್ಚದೆ ಏಳೂವರೆಗೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಇರಬೇಕು. ನನ್ನ ಕೈಯಲ್ಲಿ ಉಪಯೋಗಕ್ಕೆ ಬರುವ ಒಂದು ಫ್ರೇಮ್ ಕೂಡ ಇರಲಿಲ್ಲ.

ಶಟರ್ ಎಷ್ಟು ಏರಿಸಿದರೂ ಫ್ಲ್ಯಾಶ್ ಬೆಳಕು ಹಾಗೆಯೇ ಇರುತ್ತದೆ ಎಂದು ಎಚ್‌ಎಸ್‌ಎಸ್ ಬಗ್ಗೆ ನಾನು ನಂಬಿಕೊಂಡದ್ದೇ ತಪ್ಪಾಗಿತ್ತು. ಸಿಂಕ್ ಮಿತಿಯನ್ನು ದಾಟಿದ ಮೇಲೆ ಸೆನ್ಸರ್ ಒಟ್ಟಿಗೆ ಪೂರ್ತಿ ತೆರೆದುಕೊಳ್ಳುವುದಿಲ್ಲ. ಶಟರ್‌ನ ಎರಡು ಪರದೆಗಳ ನಡುವಿನ ಸಣ್ಣ ಸೀಳು ಅದರ ಮೇಲೆ ಹಾದು ಹೋಗುತ್ತದೆ. ಆ ಸೀಳು ದಾಟಿ ಮುಗಿಯುವವರೆಗೂ ಫ್ಲ್ಯಾಶ್ ಪಟಪಟನೆ ಮಿಡಿಯುತ್ತಲೇ ಇರಬೇಕು, ಅದರ ಬೆಳಕಿನಲ್ಲಿ ಬಹುಪಾಲು ಮುಚ್ಚಿದ ಪರದೆಗೆ ಬಡಿದು ವ್ಯರ್ಥವಾಗುತ್ತದೆ. ಸಾಮಾನ್ಯ ಸಿಂಕ್‌ನಲ್ಲಿ ಶಟರ್ ಏರಿಸಿದರೆ ಆಂಬಿಯೆಂಟ್, ಅಂದರೆ ಸುತ್ತಲಿನ ಬೆಳಕು, ಮಾತ್ರ ಇಳಿಯುತ್ತದೆ, ಫ್ಲ್ಯಾಶ್ ಹಾಗೆಯೇ ಉಳಿಯುತ್ತದೆ. ಎಚ್‌ಎಸ್‌ಎಸ್‌ನಲ್ಲಿ ಎರಡೂ ಒಟ್ಟಿಗೆ ಇಳಿಯುತ್ತವೆ. ನಾನು ಶಟರ್ ಚಕ್ರವನ್ನು ಅತ್ತಿತ್ತ ತಿರುಗಿಸುತ್ತಿದ್ದ ಆ ಹತ್ತು ನಿಮಿಷ, ಮುಖಕ್ಕೂ ಆಕಾಶಕ್ಕೂ ಇದ್ದ ಅಂತರ ಕೂದಲೆಳೆಯಷ್ಟೂ ಬದಲಾಗುವಂತಿರಲಿಲ್ಲ. ಅದರ ಮೇಲೆ ಬಿಳಿ ಕೊಡೆ ಒಂದಿಷ್ಟು ಬೆಳಕು ನುಂಗಿತ್ತು, ನಾಲ್ಕು ಮೀಟರ್ ದೂರ ಉಳಿದದ್ದನ್ನು ನುಂಗಿತ್ತು.

ಬ್ಯಾಗಿನಲ್ಲಿ ಎರಡನೇ ಫ್ಲ್ಯಾಶ್ ಇತ್ತು. ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸುವಾಗ ನನ್ನ ಕೈ ನಡುಗುತ್ತಿತ್ತು. ಅಗಲವಾದ ಫ್ರೇಮನ್ನು ಕೈಬಿಟ್ಟೆ. ಶಟರ್ 1/200ಕ್ಕೆ ಇಳಿಸಿ, ಅಪರ್ಚರ್ ಎಫ್/8ಕ್ಕೆ ಮುಚ್ಚಿದೆ. "ತಾ ಮಾರಾಯ, ಹತ್ತಿರ ತಾ" ಎಂದೆ. ಹುಡುಗ ಸ್ಟ್ಯಾಂಡ್ ಎತ್ತಿಕೊಂಡೇ ಓಡಿ ಬಂದ. ಗುರುಗಳ ಎಡಗೆನ್ನೆಯಿಂದ ಸುಮಾರು 1.2 ಮೀಟರ್ ದೂರದಲ್ಲಿ, ಕಣ್ಣಿಗಿಂತ ಸ್ವಲ್ಪ ಮೇಲೆ ಕೊಡೆ. ದೂರ ನಾಲ್ಕರಿಂದ 1.2ಕ್ಕೆ ಬಂದರೆ ಬೆಳಕು ಹನ್ನೊಂದು ಪಟ್ಟು ಹೆಚ್ಚುತ್ತದೆ. ಇದು ಯಾವ ದುಬಾರಿ ಲೈಟೂ ಇಲ್ಲದೆ, ಬರೀ ಮೂರು ಹೆಜ್ಜೆ ನಡೆದು ಸಿಕ್ಕುವ ಬೆಳಕು. ಫುಲ್ ಪವರ್‌ಗೂ ಬಗ್ಗದಿದ್ದ ಮುಖ ಈಗ 1/4 ಪವರ್‌ನಲ್ಲೇ ಬೆಳಗಿತು.

ಕಡಲ ಗಾಳಿ ಕೊಡೆಯನ್ನು ಹಾಯಿಯಂತೆ ಎಳೆಯುತ್ತಿತ್ತು. ಸುತ್ತ ಕಣ್ಣು ಹಾಯುವಷ್ಟು ಮರಳಿತ್ತು, ತುಂಬಿ ಸ್ಟ್ಯಾಂಡಿಗೆ ತೂಗಲು ಒಂದು ಚೀಲ ಇರಲಿಲ್ಲ. ಸ್ಯಾಂಡ್‌ಬ್ಯಾಗ್ ಕೊಡಿಸಿ ಎಂದು ಎರಡು ವರ್ಷಗಳಿಂದ ಕೇಳುತ್ತಿದ್ದೇನೆ. ಹೊಸ ಲೆನ್ಸ್‌ಗೆ ಹಣ ಬಿಡುಗಡೆ ಆಗುತ್ತದೆ, ಇಂಥ ಸಣ್ಣ ಸಾಮಾನಿಗೆ ಆಗುವುದಿಲ್ಲ. ಆ ಕೊರತೆಯನ್ನು ಹುಡುಗ ತನ್ನ ಮೈಯಿಂದ ತುಂಬಿದ. ಮಂಡಿಯೂರಿ, ಸ್ಟ್ಯಾಂಡಿನ ಕಾಲುಗಳನ್ನು ತೊಡೆಯಿಂದ ಒತ್ತಿ, ಎರಡೂ ಕೈಗಳಿಂದ ಕೋಲನ್ನು ತಬ್ಬಿ ಹಿಡಿದ. ಕಣ್ಣಿಗೆ ಮರಳು ಹೊಕ್ಕರೂ ಬಿಡಲಿಲ್ಲ.

ಬೆಳಕೇನೋ ಬಂತು, ಬಣ್ಣ ಬರಲಿಲ್ಲ. ಹಳದಿ ಬೆರೆತ ಆ ಚೆಲುವಾದ ಮುಖವರ್ಣಿಕೆ ಸುಣ್ಣ ಬಳಿದಂತೆ ಕಂಡಿತು. ಹಿಂದೆ ಆಕಾಶ ಕೆಂಡದಂತೆ ಇರುವಾಗ ಮುಂದೆ 5500 ಕೆಲ್ವಿನ್‌ನ ಬಿಳಿ ಬೆಳಕು ಬಿದ್ದರೆ ಇನ್ನೇನಾಗುತ್ತದೆ? ಬೆಳಕಿಗೆ ಕಿತ್ತಳೆ ಛಾಯೆ ಕೊಡುವ ಹಾಫ್ ಸಿಟಿಒ ಜೆಲ್ ಹಾಳೆ ಬ್ಯಾಗಿನ ಪಕ್ಕದ ಜೇಬಿನಲ್ಲೇ ಇತ್ತು. ಅದನ್ನು ಫ್ಲ್ಯಾಶ್‌ನ ಮೂತಿಗೆ ಅಂಟಿಸಿದೆ. ಮುಂದಿನ ಫ್ರೇಮಿನಲ್ಲಿ ಕೆನ್ನೆಯ ಹಳದಿ, ಹಣೆಯ ನಾಮದ ಕೆಂಪು, ಕಣ್ಣಂಚಿನ ಕಾಡಿಗೆ ಒಂದೊಂದೂ ತಂತಮ್ಮ ಜಾಗಕ್ಕೆ ಬಂದು ಕುಳಿತವು. ಎದೆಕಟ್ಟಿನ ಹೊಳಪಿನ ಮಣಿಗಳಲ್ಲಿ ಸಣ್ಣ ಸಣ್ಣ ಕೊಡೆಗಳು ಮೂಡಿದ್ದವು. ಗುರುಗಳು ಒಮ್ಮೆ ಹುಬ್ಬು ಏರಿಸಿದರು, ಬಭ್ರುವಾಹನನೇ ಬಂದು ನಿಂತಂತಾಯಿತು. ಸೂರ್ಯ ಮುಳುಗುವ ಮುನ್ನ ಒಂಬತ್ತು ಒಳ್ಳೆಯ ಫ್ರೇಮ್‌ಗಳು ಸಿಕ್ಕಿದವು. ಎಲ್ಲವೂ ಸೊಂಟದಿಂದ ಮೇಲಕ್ಕೆ. ಗೆಜ್ಜೆ ಕಾಣುವ ಒಂದೂ ಇಲ್ಲ.

ಅಗಲವಾದ ಫ್ರೇಮಿಗೂ ದಾರಿ ಇತ್ತು ಎಂಬುದು ನೆನಪಾದದ್ದು ಕಾರು ಹತ್ತಿದ ಮೇಲೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಸ್ಟ್ಯಾಂಡ್ ಫ್ರೇಮಿನೊಳಗೇ ಇರುವಂತೆ ಒಂದು ತೆಗೆಯಬೇಕು, ಅದನ್ನು ಸರಿಸಿ ಖಾಲಿ ಜಾಗದ್ದು ಇನ್ನೊಂದು ತೆಗೆಯಬೇಕು. ಎರಡನ್ನೂ ಸೇರಿಸಿ ಸ್ಟ್ಯಾಂಡನ್ನು ಅಳಿಸಲು ಕಂಪ್ಯೂಟರಿನಲ್ಲಿ ಐದು ನಿಮಿಷ ಸಾಕು. ಕಡಲು ಮಸುಕಾಗಲೇಬೇಕಿದ್ದರೆ ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುವ ಮೂರು ಸ್ಟಾಪ್‌ನ ಎನ್‌ಡಿ ಫಿಲ್ಟರ್ ಹಾಕಿ 1/200ರಲ್ಲೇ ಎಫ್/2.8ಕ್ಕೆ ತೆರೆಯಬಹುದಿತ್ತು. ಇವೆಲ್ಲ ಗೊತ್ತಿಲ್ಲದ ಸಂಗತಿಗಳಲ್ಲ. ಆದರೆ ವೇಷ ಕಟ್ಟಿದ ಮನುಷ್ಯ ಎದುರಿಗೆ ಬೆವರುತ್ತಿರುವಾಗ ಗೊತ್ತಿರುವುದೂ ತಲೆಗೆ ಬರುವುದಿಲ್ಲ. ಅದು ಮೊದಲೇ ಆ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಕೈಗೆ ಬಂದಿರಬೇಕು. ಈಗ ಹೊರಾಂಗಣದ ಯಾವ ಕೆಲಸವಿದ್ದರೂ ಹಿಂದಿನ ಸಂಜೆ ಹುಡುಗನೂ ನಾನೂ ಹೋಗಿ ಒಬ್ಬರನ್ನೊಬ್ಬರು ನಿಲ್ಲಿಸಿ ನೋಡಿ ಬರುತ್ತೇವೆ. ಪೆಟ್ರೋಲ್ ನಮ್ಮದೇ. ಬಿಲ್ಲಿನಲ್ಲಿ ಅದಕ್ಕೊಂದು ಸಾಲು ಸೇರಿಸಿ ಎಂದು ಯಜಮಾನರಿಗೆ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಗ್ರಾಹಕರಿಗೆ ನಾವು ಮಾರುವುದು ಬೆಳಕನ್ನು. ಅದನ್ನು ಅಳೆದು ಬರುವ ಸಂಜೆಗೂ ಬೆಲೆ ಇರಬೇಕು.

ಆ ರಾತ್ರಿ ಮನೆಗೆ ಹೋಗಲು ಮನಸ್ಸಾಗದೆ ಚೌಕಿಗೆ ಹೋದೆ. ಗುರುಗಳು ಪೆಟ್ಟಿಗೆಯ ಮುಂದೆ ಕುಳಿತು, ಬೆವರಿಗೆ ಕದಡಿದ ಮೇಲ್ತುಟಿಯ ಬಣ್ಣವನ್ನು ತಿದ್ದಿಕೊಳ್ಳುತ್ತಿದ್ದರು. ಬಲ್ಬು ಅವರ ಮುಖದಿಂದ ಒಂದು ಮೊಳ ದೂರದಲ್ಲಿ ತೂಗುತ್ತಿತ್ತು. ತುಂಬಾ ಹೊತ್ತು ನಿಲ್ಲಿಸಿದೆ, ತಪ್ಪಾಯಿತು ಎಂದೆ.

"ನಿಲ್ಲುವುದು ನಮಗೆ ಹೊಸತಾ ಮಾರಾಯರೇ?" ಎಂದರು. "ಆದರೆ ನೀವು ಮೊದಲು ದೀಪವನ್ನು ಅಷ್ಟು ದೂರ ಇಟ್ಟದ್ದು ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ಈ ಬಣ್ಣ ಹುಟ್ಟಿದ್ದೇ ದೀವಟಿಗೆಯ ಕಾಲದಲ್ಲಿ. ದೀಪ ಹತ್ತಿರ ಇದ್ದರೆ ಮಾತ್ರ ಅದಕ್ಕೆ ಜೀವ."

ಕ್ಯಾಮೆರಾ ತೋರಿಸಿದೆ. ಪರದೆಯನ್ನು ಬಲ್ಬಿಗೆ ಮರೆಮಾಡಿ, ದೊಡ್ಡದು ಮಾಡಿ ಎಂದರು. ಮುಖವನ್ನು ಅವರು ನೋಡಲೇ ಇಲ್ಲ, ನೋಡಿದ್ದು ಮುಂದಲೆಯನ್ನು. ಬಲಗಡೆಯ ಮೂರನೇ ಜರಿ ಪಟ್ಟಿಯ ಮೇಲೆ ಬೆರಳಿಟ್ಟರು. ಗಾಳಿಗೆ ಅದು ಒಂದು ಎಳೆಯಷ್ಟು ಸಡಿಲವಾಗಿ ಕೆಳಗಿನ ಕಪ್ಪು ಬಟ್ಟೆ ಕಾಣುತ್ತಿತ್ತು.

"ಶುರುವಿನಲ್ಲಿ ತೆಗೆದದ್ದರಲ್ಲಿ ಸರಿ ಇರಬೇಕು, ನೋಡಿ" ಎಂದರು.

ಹಿಂದಕ್ಕೆ ಸರಿಸಿ ನೋಡಿದೆವು. ಆ ಕಪ್ಪು ಫ್ರೇಮ್‌ಗಳಲ್ಲಿ, ಆಕಾಶದ ಎದುರು ಅಂಚು ಮಾತ್ರ ಕಾಣುವ ಮುಂದಲೆಯಲ್ಲಿ, ಪಟ್ಟಿ ಕೂದಲಷ್ಟೂ ಕದಲದೆ ಕುಳಿತಿತ್ತು. ಗುರುಗಳು ಏನೂ ಹೇಳದೆ ಕ್ಯಾಮೆರಾ ವಾಪಸು ಕೊಟ್ಟು, ಕನ್ನಡಿ ಎತ್ತಿಕೊಂಡು ಆ ಪಟ್ಟಿಯನ್ನು ಬಿಗಿದುಕೊಂಡರು.

ಕ್ಯಾಲೆಂಡರಿನಲ್ಲಿ ಅಚ್ಚಾದದ್ದು ಸಡಿಲ ಪಟ್ಟಿಯ ಚಿತ್ರ. ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಮೇಳದವರ ಮನೆಗಳಲ್ಲಿ ಅದು ಗೋಡೆಯ ಮೇಲೆ ತೂಗುತ್ತಿದೆ, ಅವರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು.