ದುಡ್ಡಿಲ್ಲದವರ ವಕೀಲರು

ಹಾಸನದ ಕೋರ್ಟ್ ಹತ್ತಿರ ಟೀ ಕುಡಿಯುವಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು "ವಕೀಲರಿಗೆ ಕೊಡೋಕೆ ನನ್ನ ಹತ್ರ ಏನಿದೆ ಮಗಾ, ಜಮೀನು ಹೋದ್ರೆ ಹೋಗ್ಲಿ" ಅಂದರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ ಅಜ್ಜಿ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ ಅಂದೆ. ನಂಬಲಿಲ್ಲ. ಪುಕ್ಕಟೆ ಅಂದರೆ ಯಾರು ತಾನೇ ನಂಬುತ್ತಾರೆ ಹೇಳಿ!

ಆದರೆ ಇದು ಯಾರೋ ಮಾಡುವ ದಾನ ಅಲ್ಲ. 1976ರಲ್ಲಿ 42ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ, ಬಡವರಿಗೆ ಸರ್ಕಾರ ಪುಕ್ಕಟೆ ಕಾನೂನು ನೆರವು ಕೊಡಬೇಕು ಅನ್ನೋ 39ಎ ವಿಧಿ ಸೇರಿತು (ತುರ್ತು ಪರಿಸ್ಥಿತಿಯಲ್ಲೂ ಒಂದು ಒಳ್ಳೆಯದು ಆಯ್ತು ನೋಡಿ). 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣ ಬಂದಾಗ ಬಿಹಾರದ ಜೈಲುಗಳ ಕಥೆ ಹೊರಬಿತ್ತು. ತಪ್ಪು ಸಾಬೀತಾಗಿದ್ದರೆ ಆಗುತ್ತಿದ್ದ ಶಿಕ್ಷೆಗಿಂತ ಜಾಸ್ತಿ ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರು, ಜಾಮೀನಿಗೆ ದುಡ್ಡಿಲ್ಲ, ಕೇಳೋಕೆ ವಕೀಲರಿಲ್ಲ. ಬಡ ಆರೋಪಿಗೆ ವಕೀಲರನ್ನು ಕೊಡುವುದು ಸರ್ಕಾರದ ಹೊಣೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಇದಕ್ಕಾಗಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಆಗಿದ್ದು 1987ರಲ್ಲಿ, ಜಾರಿಗೆ ಬಂದಿದ್ದು 1995ರ ನವೆಂಬರ್ 9ಕ್ಕೆ. ಬಡವರ ಫೈಲ್ ಅಲ್ವಾ, ನಿಧಾನವೇ.

ಪರಿಶಿಷ್ಟ ಜಾತಿ, ಪಂಗಡದವರು, ಮಕ್ಕಳು, ಅಂಗವಿಕಲರು, ಜೈಲಿನಲ್ಲಿರುವವರಿಗೂ ಆದಾಯದ ಮಿತಿ ಇಲ್ಲ. ಸಕಲೇಶಪುರದ ಕಾಫಿ ತೋಟಗಳ ಕಾರ್ಮಿಕರ ಲೈನ್ ಮನೆಗಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ. ಅಲ್ಲಿ ಯಾರಾದರೂ ಪರಿಚಯದವರಿದ್ದರೆ 15100 ಅನ್ನೋ ಸಹಾಯವಾಣಿ ನಂಬರ್ ಕೊಡಿ, ಸುಮ್ನೆ ಲೈಕ್ ಒತ್ತಿ ಹೋಗಬೇಡಿ.