ಲೋಲಾ ಬಾಯಿ ತೆರೆದಾಗ

ಎರಡು ವರ್ಷವಾಯಿತು. ಈಗಲೂ ಯಾರಾದರೂ ಹಳೇ ಸಿನಿಮಾ ನಟಿ ಮರ್ಲೇನೆ ಡೀಟ್ರಿಷ್ ಹೆಸರೆತ್ತಿದರೆ ನನ್ನ ಕಿವಿ ಬಿಸಿಯಾಗುತ್ತದೆ.

ನಾನಿರುವುದು ಬರ್ಲಿನ್‌ನಲ್ಲಿ. ಹಳೇ ಸಿನಿಮಾಗಳನ್ನೇ ಹಾಕುವ ಒಂದು ಚಿಕ್ಕ ಥಿಯೇಟರಿನಲ್ಲಿ ಕೆಲಸ. ಹುದ್ದೆಗೆ ಉದ್ದದ ಹೆಸರಿದೆ, ಮಾಡುವುದು ಮಾತ್ರ ಇಷ್ಟು: ಆರ್ಕೈವ್‌ಗೆ ಮೇಲ್ ಹಾಕು, ಸಿನಿಮಾ ತುಂಬಿದ ಡ್ರೈವ್ ತರಿಸು, ಸರ್ವರ್‌ಗೆ ಇಳಿಸು, ಪ್ಲೇಲಿಸ್ಟ್ ಕಟ್ಟು, ಬಾಗಿಲಲ್ಲಿ ಹಂಚುವ ಹಾಳೆ ಬರಿ, ಆಳಿಲ್ಲದ ದಿನ ಬಿಯರ್ ಕ್ರೇಟೂ ಹೊರು.

ಆ ತಿಂಗಳು ಡೀಟ್ರಿಷ್ ಸರಣಿ. ಆಕೆ ಹುಟ್ಟಿದ್ದು ಇದೇ ಊರಿನ ಶೋನೆಬರ್ಗ್‌ನಲ್ಲಿ, 1901ರಲ್ಲಿ. ಹಾಗಾಗಿ ಟಿಕೆಟ್ ಖಾಲಿಯಾಗುವುದರಲ್ಲಿ ಅನುಮಾನವಿರಲಿಲ್ಲ. ನಿರ್ದೇಶಕ ಸ್ಟರ್ನ್‌ಬರ್ಗ್ ಜೊತೆ ಮಾಡಿದ 7 ಚಿತ್ರ, ಬಿಲ್ಲಿ ವೈಲ್ಡರ್‌ನ ಎರಡು, ಆರ್ಸನ್ ವೆಲ್ಸ್‌ನ ಒಂದು, ಕೊನೆಗೆ 1984ರ ಸಾಕ್ಷ್ಯಚಿತ್ರ. ಅದರಲ್ಲಿ ಆಕೆ ಆಗಿನ ಮುಖ ತೋರಿಸಲು ಒಪ್ಪದೆ ಬರೀ ದನಿ ಕೊಟ್ಟಿದ್ದಾಳೆ. ಮೊದಲ ದಿನಕ್ಕೆ 1930ರ ‘ಡೇರ್ ಬ್ಲೌಎ ಎಂಗೆಲ್’, ಅಂದರೆ ‘ನೀಲಿ ದೇವತೆ’; ಆಕೆ ಇದರಲ್ಲಿ ಲೋಲಾ ಅನ್ನುವ ಕ್ಯಾಬರೆ ಹಾಡುಗಾರ್ತಿ. ಇದನ್ನು ಬಿಟ್ಟು ಇನ್ಯಾವುದರಿಂದ ಶುರು ಮಾಡುವುದು? ಅದಕ್ಕೂ ಮೊದಲು ಮಾಡಿದ ಮೂಕಿ ಚಿತ್ರಗಳನ್ನು ಆಕೆಯೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಹಂಚುವ ಹಾಳೆ ಬರೆದವನು ನಾನೇ, ಮೂರು ರಾತ್ರಿ ಕೂತು. ಅದರಲ್ಲಿ ಹೆಮ್ಮೆಯಿಂದ ಒಂದು ಪ್ಯಾರಾ ಹಾಕಿದ್ದೆ. ಡಬ್ಬಿಂಗ್ ಇನ್ನೂ ಪಳಗದ ಕಾಲವಾದ್ದರಿಂದ ಬಾಬೆಲ್ಸ್‌ಬರ್ಗ್‌ನ ಉಫಾ ಸ್ಟುಡಿಯೋದಲ್ಲಿ ಇದನ್ನು ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಒಟ್ಟಿಗೇ ತೆಗೆದರು, ಅದೇ ಸೆಟ್, ಅದೇ ನಟರು, ದೃಶ್ಯ ಮಾತ್ರ ಎರಡೆರಡು ಸಲ ಅಂತ. ನಮ್ಮ ಕಡೆ ಕನ್ನಡ-ತೆಲುಗು ಒಟ್ಟಿಗೇ ಶೂಟ್ ಮಾಡುತ್ತಾರಲ್ಲ, ಹಾಗೆ. ಬರೆದಾಗ ಎಷ್ಟು ಚೆನ್ನಾಗಿತ್ತು ಗೊತ್ತಾ!

ಡ್ರೈವ್ ಬಂದಿದ್ದು ಶೋ ದಿನ ಮಧ್ಯಾಹ್ನ. ಆರ್ಕೈವ್ ಸಿನಿಮಾ, ಬೀಗ ತೆರೆಯುವ ಡಿಜಿಟಲ್ ಕೀ, ಅಂದರೆ ಕೆಡಿಎಮ್, ಅದರ ತಲೆನೋವಿಲ್ಲ. ಅದರಲ್ಲಿ ಎರಡು ಸಿಪಿಎಲ್ ಇದ್ದವು, ಅಂದರೆ ಯಾವ ಚಿತ್ರಕ್ಕೆ ಯಾವ ದನಿ, ಯಾವ ಸಬ್‌ಟೈಟಲ್ ಅಂತ ಸರ್ವರ್‌ಗೆ ಹೇಳುವ ಫೈಲ್. ಒಂದು ಜರ್ಮನ್ ಆಡಿಯೋ, ಇಂಗ್ಲಿಷ್ ಸಬ್‌ಟೈಟಲ್. ಇನ್ನೊಂದು ಇಂಗ್ಲಿಷ್ ಆವೃತ್ತಿ, ಸಬ್ ಇಲ್ಲ. ಹೆಸರಿನ ಬಾಲದಲ್ಲಿ ಅದೆಲ್ಲ ಬರೆದಿರುತ್ತದೆ. ಆದರೆ ನಮ್ಮ ಸರ್ವರ್‌ನ ಪರದೆ ಬಾಲವನ್ನೇ ಕತ್ತರಿಸಿ ತೋರಿಸುತ್ತದೆ. ಎರಡು ಸಾಲೂ ಒಂದೇ ಥರ. ಈ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಸಿ ಅಂತ ಎಷ್ಟು ಸಲ ಕೇಳಿದ್ದೇನೋ. ‘ಮುಂದಿನ ಬಜೆಟ್‌ನಲ್ಲಿ ನೋಡೋಣ.’ ಲಾಬಿಗೆ ಹೊಸ ಕುರ್ಚಿ ಮಾತ್ರ ಬಂದವು.

ಪೂರ್ತಿ ನೋಡಿ ಚೆಕ್ ಮಾಡಲು ನಮಗೆ ಗಂಟೆ ಕೊಡುವುದಿಲ್ಲ, 10 ನಿಮಿಷ ಅಷ್ಟೇ. ಆ 10 ನಿಮಿಷವೂ ನನ್ನ ಕಣ್ಣು ಲ್ಯಾಪ್‌ಟಾಪ್ ಮೇಲಿತ್ತು, ಹಾಳೆಯ ಕೊನೆಯ ಪ್ರೂಫ್ ನೋಡುತ್ತಿದ್ದೆ. ಕಿವಿ ಮಾತ್ರ ಬೂತ್ ಸ್ಪೀಕರ್ ಕಡೆ. ಜರ್ಮನ್ ಕೇಳಿಸಿತು. ಲಾಗ್‌ನಲ್ಲಿ ಟಿಕ್ ಹಾಕಿದೆ. ಇಂಗ್ಲಿಷ್ ಆವೃತ್ತಿಯಲ್ಲೂ ಅಲ್ಲಲ್ಲಿ ಜರ್ಮನ್ ಉಳಿದಿದೆ ಅನ್ನುವುದು ನನಗೆ ಗೊತ್ತಿರದ ಮಾತೇನಲ್ಲ. ಒಂದು ಸಲ ತಲೆ ಎತ್ತಿದ್ದರೂ ಸಬ್ ಇಲ್ಲದ್ದು ಕಾಣುತ್ತಿತ್ತು.

ಸಂಜೆ ಹಾಲ್ ತುಂಬಿತ್ತು. ಬಿಳಿ ತಲೆಗಳೇ ಜಾಸ್ತಿ. ನಮ್ಮ ಹಿರಿಯ ಪ್ರೊಜೆಕ್ಷನಿಸ್ಟ್ ಪ್ಲೇ ಒತ್ತಿ, ‘ನೋಡ್ಕೋ’ ಅಂತ ಸಿಗರೇಟಿಗೆ ಹೋದರು. ನಾನು ಬೂತ್‌ನಲ್ಲಿ ಸ್ಯಾಂಡ್‌ವಿಚ್ ಬಿಚ್ಚಿದೆ. ತರಗತಿ ದೃಶ್ಯದಲ್ಲಿ ಇಂಗ್ಲಿಷ್ ಕೇಳಿದಾಗಲೂ ಗಾಬರಿಯಾಗಲಿಲ್ಲ. ಮೇಷ್ಟ್ರು ರಾಟ್ ಕಲಿಸುವುದೇ ಇಂಗ್ಲಿಷ್, ಅಲ್ವಾ?

ಆಮೇಲೆ ಲೋಲಾ ಬಾಯಿ ತೆರೆದಳು. ಇಂಗ್ಲಿಷ್.

ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಇದೊಂದು ಸಾಲು ಇಂಗ್ಲಿಷ್ ಇರಬಹುದು, ಕ್ಯಾಬರೆ ತಾನೇ, ಅಂದುಕೊಂಡೆ. ನಾನೇ ಬರೆದ ಹಾಳೆ ಮೇಜಿನ ಮೇಲಿದೆ, ಆದರೂ ಹಾಗಂದುಕೊಂಡೆ! ಎರಡನೇ ಸಾಲು. ಮೂರನೆಯದು. ಮೇಷ್ಟ್ರ ಪಾತ್ರದ ಎಮಿಲ್ ಯಾನಿಂಗ್ಸ್‌ನ ಭಾರದ ನಾಲಿಗೆ ಇಂಗ್ಲಿಷ್ ಎಳೆಯುತ್ತಿದೆ. ಜನ ಸುಮ್ನೆ ಕೂತಿದ್ದಾರಲ್ಲ, ಹೇಗೋ ಸಾಗಲಿ ಅನ್ನುವ ಆಸೆ ಬೇರೆ. ಕಿಟಕಿಯಿಂದ ನೋಡಿದರೆ ತಲೆಗಳು ಒಂದರ ಕಡೆ ಒಂದು ವಾಲುತ್ತಿವೆ. ಸುಮಾರು ನಾಲ್ಕು ನಿಮಿಷ ಹೀಗೇ ನಿಂತಿದ್ದೆ. ಸಾಸಿವೆ ಬಳಿದ ಬ್ರೆಡ್ಡು ಕೈಯಲ್ಲೇ ಇತ್ತು.

ಕೊನೆಗೆ ಮೂರನೇ ಸಾಲಿನ ಒಬ್ಬ ಅಜ್ಜಿ ಅಪ್ಪಟ ಬರ್ಲಿನ್ ಧಾಟಿಯಲ್ಲಿ, ಇಡೀ ಹಾಲಿಗೆ ಕೇಳುವಂತೆ ಅಂದರು: ‘ಏನಿದು, ಇವಳು ಆಗಲೇ ಅಮೆರಿಕಕ್ಕೆ ಹೋಗಿಬಿಟ್ಟಳಾ?’

ಹಾಲ್ ಬಿದ್ದು ಬಿದ್ದು ನಕ್ಕಿತು. ಅವರು ಹಾಳೆ ಓದಿದ್ದರು ಅಂತ ಕಾಣುತ್ತೆ. 1930ರ ಏಪ್ರಿಲ್ 1ರಂದು ಗ್ಲೋರಿಯಾ-ಪಲಾಸ್ಟ್‌ನಲ್ಲಿ ಈ ಚಿತ್ರದ ಮೊದಲ ಪ್ರದರ್ಶನ ಮುಗಿದ ರಾತ್ರಿಯೇ ಡೀಟ್ರಿಷ್ ಅಮೆರಿಕಕ್ಕೆ ಹೊರಟಿದ್ದು.

ಸ್ಟಾಪ್ ಒತ್ತಿದೆ. ಲೈಟ್ ಹಾಕಿದೆ. ಇನ್ನೊಂದು ಸಿಪಿಎಲ್ ಲೋಡ್ ಮಾಡಿದೆ. ಎರಡು ಆವೃತ್ತಿಯ ಉದ್ದ ಒಂದೇ ಅಲ್ಲ, ಹಾಗಾಗಿ ಅದೇ ಟೈಮ್‌ಕೋಡ್ ಹಾಕಿದರೆ ಅದೇ ಜಾಗ ಸಿಗುವುದಿಲ್ಲ. ಅಂದಾಜಿಗೆ ಹೊಡೆದೆ. ಕೈ ನಡುಗಿ ಒಂದು ಗಂಟೆ ಜಾಸ್ತಿ ಒತ್ತಿದ್ದೇನೆ. ಪ್ರೊಜೆಕ್ಟರ್ ಬೆಳಕು ತಡೆಯುವ ಡೌಸರ್ ಮುಚ್ಚುವುದೂ ಮರೆತಿತ್ತು. ಪರದೆ ಮೇಲೆ ಈ ಅಗಲಕ್ಕೆ ಯಾನಿಂಗ್ಸ್ ಕೋಡಂಗಿ ವೇಷದಲ್ಲಿ! ಮೇಷ್ಟ್ರ ಗತಿ ಕೊನೆಗೆ ಏನಾಗುತ್ತದೆ ಅಂತ ಇನ್ನೂರು ಜನಕ್ಕೆ ಒಂದೇ ಫ್ರೇಮಿನಲ್ಲಿ ಹೇಳಿಬಿಟ್ಟೆ.

ಅಷ್ಟರಲ್ಲಿ ಹಿರಿಯರು ಮೇಲೆ ಬಂದರು. ಬೈಯಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ ಸೊನ್ನೆಯಿಂದ ಹಾಕಿದರು. ‘ಹುಡುಕ್ತಾ ಕೂರಬೇಡ. ಮೊದಲಿಂದ ಹಾಕು, ಕೆಳಗೆ ಹೋಗಿ ಕ್ಷಮೆ ಕೇಳು, ಬಿಯರ್ ಕೊಡು.’ ಕೆಳಗೆ ಹೋಗಿ ಕೇಳಿದೆ. ನನ್ನ ಜರ್ಮನ್‌ನಲ್ಲಿ ಲಿಂಗ ತಪ್ಪಿತು, ಅದಕ್ಕೂ ನಕ್ಕರು. ಎದ್ದು ಹೋದವರು ನಾಲ್ಕೇ ಜನ. ಬಿಯರ್ ದುಡ್ಡು ಯಾರ ಲೆಕ್ಕಕ್ಕೆ ಅಂತ ಮ್ಯಾನೇಜರ್ ಎರಡು ವಾರ ಮೇಲ್ ಕಳಿಸಿದರು. ಪರದೆ ಬಾಲ ಕತ್ತರಿಸುತ್ತದೆ ಅನ್ನುವುದಕ್ಕೆ ಮಾತ್ರ ಉತ್ತರವಿಲ್ಲ.

ಆ ರಾತ್ರಿ ಎರಡನ್ನೂ ಬೆನ್ನುಬೆನ್ನಿಗೆ ನೋಡಿದ್ದರಿಂದ ಒಂದು ತಿಳಿಯಿತು. ಅದೇ ಕಾಲು, ಅದೇ ಟೋಪಿ, ಆದರೆ ಇಬ್ಬರೂ ಬೇರೆ ಹೆಂಗಸರು. ಇಂಗ್ಲಿಷ್ ಲೋಲಾ ಪದಗಳನ್ನು ಒಂದೊಂದಾಗಿ ಎತ್ತಿಡುತ್ತಾಳೆ, ಎಲ್ಲಿ ಬಿದ್ದುಹೋದಾವೋ ಅನ್ನುವ ಹಾಗೆ. ಜರ್ಮನ್ ಲೋಲಾ ಹಲ್ಲುಕಡ್ಡಿ ಬಿಸಾಡಿದಂತೆ ಮಾತಾಡುತ್ತಾಳೆ. ಹಾಲಿವುಡ್‌ನಲ್ಲಿ ಆಕೆ ಆಮೇಲೆ ಇಂಗ್ಲಿಷನ್ನೂ ಪಳಗಿಸಿದಳು, ‘ಮೊರಾಕ್ಕೋ’ಗೆ ಆಸ್ಕರ್ ನಾಮಿನೇಷನ್ನೂ ಬಂತು. ಆ ಬಿಸಾಡುವ ಧಾಟಿ ಮಾತ್ರ ನನಗೆ ಅಲ್ಲಿ ಮತ್ತೆ ಕೇಳಿಸಲಿಲ್ಲ. ಹಾಳೆಯಲ್ಲಿ ‘ಎರಡು ಆವೃತ್ತಿ’ ಅಂತ ಬರೆದಾಗ ನಾನು ಎರಡನ್ನೂ ನೋಡಿಯೇ ಇರಲಿಲ್ಲ. ಯಾರೋ ಬರೆದದ್ದನ್ನು ಓದಿ ಬರೆದಿದ್ದೆ.

ಮುಂದಿನ ವಾರ ವೆಲ್ಸ್‌ನ 1958ರ ‘ಟಚ್ ಆಫ್ ಈವಿಲ್’. ಡೀಟ್ರಿಷ್ ಅದರಲ್ಲಿ ಕೆಲವೇ ನಿಮಿಷ ಬಂದರೂ ಕೊನೆಯ ಮಾತು ಅವಳದ್ದೇ. ಬೆಳಗ್ಗೆ ಏಳಕ್ಕೇ ಹೋಗಿ ಡ್ರೈವ್ ಚುಚ್ಚಿದೆ. ಪರದೆ ಮೇಲೆ ‘ಟಚ್ ಆಫ್’ ಅಂತ ಕತ್ತರಿಸಿದ ಮೂರು ಸಾಲು. ಬಿಡುಗಡೆಯಾದದ್ದು ಒಂದು, ಆಮೇಲೆ ಸಿಕ್ಕ ಪ್ರಿವ್ಯೂ ಪ್ರತಿ ಒಂದು, 1998ರಲ್ಲಿ ವೆಲ್ಸ್‌ನ ಟಿಪ್ಪಣಿ ನೋಡಿ ಮತ್ತೆ ಕಟ್ಟಿದ್ದು ಒಂದು.

ಲ್ಯಾಪ್‌ಟಾಪ್ ಮುಚ್ಚಿದೆ. ಮೂರನ್ನೂ ಪೂರ್ತಿ ನೋಡಿದೆ. ಓವರ್‌ಟೈಮ್ ಬರೆದುಕೊಂಡೆ, ಪಾಸಾಗಲಿಲ್ಲ.