ಒಂದು ಮಾತು ಮರೆತರೆ ಮತ್ತೆ ಮೊದಲಿನಿಂದಲೇ?

ಯೆರೂಸಲೇಮಿನಲ್ಲಿ ಒಬ್ಬ ಯೆಹೂದಿ ಅಜ್ಜನನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇದೇ ಕೆಲಸಕ್ಕೆ ನಮ್ಮ ಕರಾವಳಿಯಿಂದ ಬಂದವರು ಇಲ್ಲಿ ಬೇಕಾದಷ್ಟು ಮಂದಿ ಇದ್ದೇವೆ. ರಜೆಗೆ ಉಡುಪಿಗೆ ಹೋದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: "ಅವರಲ್ಲಿ ಊಟವಾದ ಮೇಲೂ ಉದ್ದದ ಪ್ರಾರ್ಥನೆಯಂತೆ, ಒಂದು ಮಾತು ಬಿಟ್ಟುಹೋದರೆ ಪುನಃ ಮೊದಲಿನಿಂದ ಹೇಳಬೇಕಂತೆ, ಹೌದಾ?"

ಹೌದು. ಆದರೆ ಎಲ್ಲ ಊಟಕ್ಕೂ ಅಲ್ಲ. ಇರುವ ಸ್ವಾರಸ್ಯವೆಲ್ಲ ಅಲ್ಲಿಯೇ.

ಆ ಪ್ರಾರ್ಥನೆಯ ಹೆಸರು ಬಿರ್ಕತ್ ಹಮಾಝೋನ್. ಉಂಡು ತೃಪ್ತರಾದಾಗ ದೇವರನ್ನು ಕೊಂಡಾಡಬೇಕು ಎಂದು ಬೈಬಲ್ಲಿನ ಧರ್ಮೋಪದೇಶಕಾಂಡದ ಎಂಟನೆಯ ಅಧ್ಯಾಯ ಹೇಳುತ್ತದೆ. ಹೊಟ್ಟೆ ತುಂಬಿದರೆ ಮಾತ್ರ ಸಲ್ಲುವ ಆ ಕಟ್ಟಳೆಯನ್ನು ಪಂಡಿತರು ಬಿಗಿಗೊಳಿಸಿ, ಆಲಿವ್ ಕಾಯಿಯಷ್ಟು ಬ್ರೆಡ್ ತಿಂದರೂ ಹೇಳಬೇಕು ಎಂದರು. ಬ್ರೆಡ್ ಇಲ್ಲದ ಊಟಕ್ಕೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ನನ್ನ ಅನ್ನ ಸಾರಿಗೆ ಅಜ್ಜನ ಲೆಕ್ಕದಲ್ಲಿ ಒಂದು ಚಿಕ್ಕ ಸ್ತುತಿ ಸಾಕು!

ಒಟ್ಟು ನಾಲ್ಕು ಸ್ತುತಿಗಳು: ಅನ್ನಕ್ಕೆ, ನೆಲಕ್ಕೆ, ಯೆರೂಸಲೇಮಿಗೆ, ಕೊನೆಯದು ದೇವರ ಒಳ್ಳೆಯತನಕ್ಕೆ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿಯ ದಿನವಾದ ಶಬ್ಬಾತ್‌ನಲ್ಲಿ ಮೂರನೆಯದರೊಳಗೆ "ರೆತ್ಸೇ" ಎಂದು ಶುರುವಾಗುವ ಒಂದು ಚಿಕ್ಕ ಭಾಗ ಸೇರುತ್ತದೆ. ಮರೆತುಹೋಗುವುದು ಅದೇ. ವಾರದ ಆರು ದಿನ ಇಲ್ಲದ್ದು, ನಾಲಿಗೆ ಹಳೆಯ ದಾರಿಯಲ್ಲೇ ಓಡಿಬಿಡುತ್ತದೆ.

ಒಂದು ಶುಕ್ರವಾರ ರಾತ್ರಿ ಅಜ್ಜ ತಟ್ಟನೆ ನಿಂತರು. ಹೆಬ್ಬೆರಳು ಪುಟದ ಮೇಲೆ, ಕಣ್ಣು ನನ್ನ ಕಡೆ. ನಾಲ್ಕನೆಯದಕ್ಕೆ ಬಾಯಿ ಹಾಕುವ ಮುಂಚೆ ನೆನಪಾಗಿದ್ದರೆ ಒಂದು ಸಾಲಿನ ಪರಿಹಾರವಿತ್ತು. ಅಜ್ಜ ಅದನ್ನೂ ದಾಟಿಬಿಟ್ಟಿದ್ದರು. ಬೈದುಕೊಳ್ಳಲಿಲ್ಲ. ಮೇಜಿನ ಮೇಲಿನ ಬ್ರೆಡ್ ಚೂರುಗಳನ್ನು ಅಂಗೈಯಲ್ಲಿ ಒಟ್ಟುಮಾಡಿ, ಪುಟ ಹಿಂದಕ್ಕೆ ತಿರುವಿ ಮೊದಲಿನಿಂದ ಆರಂಭಿಸಿದರು. ನಾನು ಸೂಪಿನ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದೆ.

ಇನ್ನೊಮ್ಮೆ ಶನಿವಾರ ಸಂಜೆಯ ಊಟಕ್ಕೆ ಹೀಗೆಯೇ ಮರೆತರು. ಈ ಸಲ ತಲೆ ಆಡಿಸಿ ಪುಸ್ತಕ ಮುಚ್ಚಿಟ್ಟರು. ನನಗೆ ಅದು ವಯಸ್ಸಾದವರ ರಿಯಾಯಿತಿ ಎನಿಸಿತು. ಕೇಳಿದರೆ, "ಇದು ಶಬ್ಬಾತಿನ ಮೂರನೆಯ ಊಟ" ಎಂದರು.

ಮರುಭೂಮಿಯಲ್ಲಿ ಆಕಾಶದಿಂದ ಬಿದ್ದ ಮನ್ನ ಎಂಬ ಆಹಾರದ ಕತೆ ವಿಮೋಚನಕಾಂಡದಲ್ಲಿದೆ. ಶುಕ್ರವಾರ ಎರಡು ಪಾಲು ಸಿಕ್ಕಿತಂತೆ. ಅದಕ್ಕೇ ಇಂದಿಗೂ ಮೇಜಿನ ಮೇಲೆ ಬಟ್ಟೆ ಮುಚ್ಚಿದ ಎರಡು ಹಲ್ಲಾ, ಜಡೆಯಂತೆ ಹೆಣೆದ ಬ್ರೆಡ್. "ಇದನ್ನು ಇಂದು ಉಣ್ಣಿರಿ" ಎಂಬ ಒಂದೇ ವಚನದಲ್ಲಿ "ಇಂದು" ಎಂಬ ಪದ ಮೂರು ಸಲ ಬರುವುದರಿಂದ ಪಂಡಿತರ ಚರ್ಚೆಗಳ ಹಳೆಯ ಗ್ರಂಥವಾದ ತಾಲ್ಮೂದ್ ಶಬ್ಬಾತಿಗೆ ಮೂರು ಊಟಗಳನ್ನು ಹುಟ್ಟಿಸಿತು. ಮೊದಲ ಎರಡಕ್ಕೆ ಬ್ರೆಡ್ ಬೇಕೇ ಬೇಕು. ಮೂರನೆಯದಕ್ಕೂ ಬೇಕು ಎನ್ನುವವರಿದ್ದಾರೆ, ಹಣ್ಣಾದರೂ ನಡೆಯುತ್ತದೆ ಎನ್ನುವವರೂ ಇದ್ದಾರೆ. ಬ್ರೆಡ್ಡೇ ಕಡ್ಡಾಯವೋ ಅಲ್ಲವೋ ಎಂಬಲ್ಲಿ, ಅದರ ಹಿಂದೆ ಬರುವ ಪ್ರಾರ್ಥನೆಯನ್ನು ಎರಡೆರಡು ಸಲ ಹೇಳಿಸುವುದು ಹೇಗೆ? ಯೋಸೆಫ್ ಕಾರೋ ಬರೆದು 1565ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಶುಲ್ಹಾನ್ ಅರೂಖ್ ಎಂಬ ಕಟ್ಟಳೆಗಳ ಪುಸ್ತಕ ಮೂರನೆಯದನ್ನು ಹೀಗೆ ಬಿಟ್ಟುಕೊಟ್ಟಿದೆ.

ಹೊರಗಿನಿಂದ ನೋಡುವವರಿಗೆ ಇದು ಕೂದಲು ಸೀಳುವ ಕೆಲಸ. ನನಗೂ ಮೊದಲು ಹಾಗೆಯೇ ಅನ್ನಿಸುತ್ತಿತ್ತು. ಈಗ ನನಗೆ ಅದರಲ್ಲಿ ಕಾಣುವುದು ಒಂದು ಬಗೆಯ ನ್ಯಾಯ: ಕಟ್ಟಳೆ ಎಲ್ಲಿ ಗಟ್ಟಿಯೋ ಅಲ್ಲಿ ಮರೆವಿಗೆ ದಂಡ, ಎಲ್ಲಿ ತುಸು ಸಡಿಲವೋ ಅಲ್ಲಿ ಮಾಫಿ.

ಚಳಿಗಾಲದಲ್ಲಂತೂ ಮಧ್ಯಾಹ್ನದ ಊಟ ಕರಗುವ ಮುಂಚೆಯೇ ಮೂರನೆಯದಕ್ಕೆ ಕೂರಬೇಕು. ಡಿಸೆಂಬರಿನಲ್ಲಿ ಐದು ಗಂಟೆಯೊಳಗೇ ಸೂರ್ಯ ಮುಳುಗಿಬಿಡುತ್ತಾನೆ. ಅಜ್ಜ ಒಂದು ತುಣುಕು ಬ್ರೆಡ್, ಒಂದಿಷ್ಟು ಮೀನು ಇಟ್ಟುಕೊಂಡು ನಿಧಾನವಾಗಿ ಹಾಡುತ್ತಾ ಕೂತಿರುತ್ತಾರೆ. ಕತ್ತಲಾದ ಮೇಲೆ ಮುಗಿಸಿದರೂ ರೆತ್ಸೇ ಹೇಳುತ್ತಾರೆ. ಊಟ ಶುರುವಾದ ಹೊತ್ತೇ ಲೆಕ್ಕ. ಶುಕ್ರವಾರ ಮಧ್ಯಾಹ್ನ ನಿಂತಿದ್ದ ಬಸ್ಸುಗಳು ಅಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಓಡತೊಡಗಿರುತ್ತವೆ. ನಾನು ಪಾತ್ರೆ ತೊಳೆಯಲು ಕಾಯುತ್ತಿರುತ್ತೇನೆ.